ಸ್ಟೂಲಿನ ಮೇಲೆ ಕುಳಿತ ಅಜ್ಜಿ

ಮೊನ್ನೆ ಮಗಳು, ಬೇಸಿಗೆ ರಜೆಯಲ್ಲಿ ಓದಿದ ಪುಸ್ತಕದ ಬಗ್ಗೆ ಚಾರ್ಟ್ ಮಾಡುತ್ತ ಕುಳಿತಿದ್ದಳು. ಗೋಂದು ಮುಗಿದಿತ್ತು. ನಾನೇ ಮೈದಾ ಕಲಸಿ, ಕಾಯಿಸಿ ಕೊಟ್ಟೆ. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಎನ್.ಆರ್. ಕಾಲೋನಿಯ ನಮ್ಮ ಶಾಲೆಯ ಕನ್ನಡ ಮಿಸ್ ನೆನಪಾದರು. ಹರಿದ ಪುಸ್ತಕಗಳಿಗೆಲ್ಲ ಮೈದಾ ಅಂಟು ಹಚ್ಚಿ ಹಚ್ಚಿ ಅವರ ಕೈ ಸದಾ ಹೀಗೇ ನಾರುತ್ತಿತ್ತು...

ತೊಂಬತ್ತರ ದಶಕ. ನಾವು ಆರು ಮುಗಿಸಿ ಏಳಕ್ಕೆ ಹೋಗುವ ಬೇಸಿಗೆ. ರಜೆಗೆ ಮುಂಚೆ ಮಿಸ್ ತಮ್ಮ ಮನೆಯ ಪುಸ್ತಕಗಳನ್ನೇ ತಂದು ತಲೆಗೊಂದು ಹಂಚಿದರು.

‘ಸಾರಾಂಶ ಬರ್ಕೊಂಡು ಬರ್ಬೇಡಿ. ಕಥೆ ನಂಗೊತ್ತು. ಓದಿ ನಿಮಗೇನಾಯ್ತು, ಅದನ್ನ ತೋರಿಸಿ.’

ಜೂನ್‌ನಲ್ಲಿ ಒಬ್ಬಳು ಕಥೆಯ ಊರಿನ ನಕ್ಷೆ ಬರೆದು ತಂದಳು. ಇನ್ನೊಬ್ಬ ಕಥೆಯಲ್ಲಿ ಬರುವ ಮಾವಿನಕಾಯಿ ಗೊಜ್ಜನ್ನು ಅಮ್ಮನಿಂದ ಮಾಡಿಸಿ ತಂದು ಎಲ್ಲರ ಬಾಯಿ ಉರಿಸಿದ. ಬೇಕಾದವರು ಪುಸ್ತಕದ ಒಬ್ಬರಾಗಿ ಸ್ಟೂಲಿನ ಮೇಲೆ ಕುಳಿತು ಕ್ಲಾಸಿನ ಪ್ರಶ್ನೆಗಳಿಗೆ ಉತ್ತರ ಕೊಡಬಹುದಿತ್ತು. ಹಾಗೆ ಕುಳಿತವರಿಗೆ ಯಾರೂ ಹೇಳಿಕೊಡುವಂತಿಲ್ಲ, ಮಿಸ್ ಕೂಡ.

ಪೋಷಕರು ಸುಮ್ಮನಿರುತ್ತಾರೆಯೇ? ಪಾಠ ಬಿಟ್ಟು ಗೊಜ್ಜು ತಿನ್ನಿಸುತ್ತಾರೆಂದು ದೂರು ಹೋಯಿತು. ಕ್ಲಾಸಿನ ಬಾಗಿಲಲ್ಲೇ, ನಮ್ಮೆಲ್ಲರ ಕಿವಿಗೆ ಬೀಳುವಂತೆ ಹೆಡ್‌ಮಾಸ್ಟರು ಮಿಸ್‌ಗೆ ಅಂದರು:

‘ನೀವಿನ್ನೂ ಟೆಂಪರರಿ, ಮರೀಬೇಡಿ. ನಾಳೆ ನಾನೇ ಬಂದು ಕೂತ್ಕೋತೀನಿ. ಇದು ಪಾಠ ಅನ್ನಿಸ್ಲಿಲ್ಲ ಅಂದ್ರೆ, ಮುಂದಿನ ತಿಂಗಳಿಂದ ನೀವು ಬರೋದು ಬೇಡ.’

ನಾಳೆಯ ಸರದಿ ನನ್ನದು! ನನ್ನ ಪುಸ್ತಕದಲ್ಲಿ ಒಬ್ಬ ಅಜ್ಜಿ, ಪುಟ್ಟ ಮೊಮ್ಮಗಳನ್ನು ಎರಡನೇ ಸಂಬಂಧದ ಮುದುಕನಿಗೆ ಕೊಟ್ಟು ಮದುವೆ ಮಾಡುತ್ತಾಳೆ. ಓದುವಾಗ ಅವಳ ಮೇಲೆ ಉರಿದುಬಿದ್ದಿದ್ದೆ. ಆದ್ದರಿಂದಲೇ ಅವಳಾಗಿ ಕೂರುತ್ತೇನೆಂದು ಒಪ್ಪಿದ್ದೆ. ಬೆಳಿಗ್ಗೆ ನನ್ನ ಅಜ್ಜಿ ತನ್ನದೇ ಸೀರೆಯನ್ನು ನನಗೆ ಕಚ್ಚೆ ಹಾಕಿ ಉಡಿಸುತ್ತ, ‘ನಂಗೆ ಮದುವೇಲಿ ಹೀಗೆ ಉಡಿಸ್ದಾಗ ಇನ್ನೂ ಹಾಲುಹಲ್ಲು ಬೀಳ್ತಿತ್ತು ಕಣೇ’ ಅಂದಳು. ನಾನು ಹೂಂ ಅಂದೆ, ಅಷ್ಟೆ.

ಹೆಡ್‌ಮಾಸ್ಟರು ಕೊನೆಯ ಬೆಂಚಿನಲ್ಲಿ ಕೈಕಟ್ಟಿ ಕುಳಿತರು. ಮಿಸ್ ಕಿಟಕಿ ಪಕ್ಕ, ಹುಡುಗಿಯರ ನಡುವೆ. ಗೆಳತಿಯರ ಪ್ರಶ್ನೆಗಳಿಗೆ ಹೇಗೋ ಉತ್ತರಿಸಿದೆ. ಆಮೇಲೆ ಹಿಂದಿನಿಂದ ಆ ದನಿ ಬಂತು.

‘ಏನಜ್ಜಿ, ಅಷ್ಟು ಚಿಕ್ಕ ಹುಡುಗೀನ ಮುದುಕನಿಗೆ ಕಟ್ಟಿದ್ರಲ್ಲ, ಒಂದು ಮಾತು ಅವಳನ್ನ ಕೇಳ್ಬೇಕು ಅನ್ನಿಸ್ಲಿಲ್ವಾ?’

ಪುಸ್ತಕದಲ್ಲಿ ಇದಕ್ಕೆ ಉತ್ತರವೇ ಇರಲಿಲ್ಲ. ಯಾರೋ ಕಿಸಕ್ಕೆಂದರು. ಹೆಡ್‌ಮಾಸ್ಟರು ಗಡಿಯಾರ ನೋಡಿಕೊಂಡರು. ನಾನು ಮಿಸ್ ಮುಖ ನೋಡಿದೆ. ಒಂದೇ ಒಂದು ಮಾತು ಎತ್ತಿಕೊಟ್ಟಿದ್ದರೆ ಸಾಕಿತ್ತು. ಅವರ ಕೆಲಸ ಉಳಿಯುವುದೇ ನನ್ನ ಉತ್ತರದ ಮೇಲಿತ್ತು. ಆದರೂ ಅವರು ಸೆರಗು ಹಿಡಿದುಕೊಂಡು ಸುಮ್ಮನೆ ಕುಳಿತೇ ಇದ್ದರು. ನನಗೆ ಅವರ ಮೇಲೇ ಸಿಟ್ಟು ಬಂತು.

ಸೀರೆಯ ಅಂಚು ಹಿಡಿದೆ.

‘ನನ್ನನ್ನ ಕೊಟ್ಟಾಗ ನಂಗಿನ್ನೂ ಹಾಲುಹಲ್ಲು ಬೀಳ್ತಿತ್ತು. ಯಾರೂ ಕೇಳ್ಲಿಲ್ಲ. ಕೇಳ್ತಾರೆ ಅನ್ನೋದೇ ನಂಗೆ ಗೊತ್ತಿರ್ಲಿಲ್ಲ.’



‘ಇದು ಪುಸ್ತಕದಲ್ಲಿದೆಯಾ ಮಿಸ್?’ ಅಂದರು ಹೆಡ್‌ಮಾಸ್ಟರು.

‘ಇಲ್ಲ ಸಾರ್.’

‘ಇಲ್ಲದ್ದನ್ನ ಹೇಳಿದ್ರೆ ಪರೀಕ್ಷೇಲಿ ಮಾರ್ಕ್ಸ್ ಯಾರು ಕೊಡ್ತಾರೆ?’

ಅಷ್ಟು ಹೇಳಿ ಎದ್ದು ಹೋದರು. ಮಿಸ್ ನನ್ನ ಹತ್ತಿರ ಬಂದು ಜಾರಿದ ಸೆರಗು ಸರಿಮಾಡಿದರು. ‘ಚೆನ್ನಾಗಿ ಹೇಳ್ದೆ ಕಣೇ’ ಅಂದರು. ಅವರ ಕೈಯಲ್ಲಿ ಅದೇ ಮೈದಾ ವಾಸನೆ. ಮುಂದಿನ ತಿಂಗಳು ಬೇರೆ ಮಿಸ್ ಬಂದು ಸಾರಾಂಶ ಬರೆಸಿದರು. ಆ ಹೆಡ್‌ಮಾಸ್ಟರ ಮೇಲಿನ ಕೋಪ ನನಗೆ ಇವತ್ತಿಗೂ ಇಳಿದಿಲ್ಲ, ಇಳಿಯುವುದೂ ಬೇಡ.

ಮಗಳು ಮಲಗಿದ ಮೇಲೆ ಹಳೆಯ ಗೆಳತಿಗೆ ಫೋನ್ ಮಾಡಿ ಮಿಸ್ ಈಗ ಎಲ್ಲಿದ್ದಾರೆಂದು ವಿಚಾರಿಸಿದೆ. ಚಾಮರಾಜಪೇಟೆಯಲ್ಲಿ ತಂಗಿಯ ಮನೆಯಲ್ಲಿದ್ದರಂತೆ. ಹೋದ ವರ್ಷ ತೀರಿಕೊಂಡರಂತೆ... ಅವತ್ತು ಸ್ಟೂಲಿನ ಮೇಲೆ ನಾನು ಬಾಯಿ ಕಟ್ಟಿ ಕುಳಿತಿದ್ದಾಗ ನಿಮಗೆ ಭಯವಾಗಲಿಲ್ಲವೇ ಮಿಸ್, ಎಂದು ಒಂದು ಸಲ ಕೇಳಬೇಕಿತ್ತು. ಇಷ್ಟು ವರ್ಷ ಅವರು ಇದೇ ಊರಿನಲ್ಲಿದ್ದರು.