ಬಸುರಿ ಗದ್ದೆಯ ನೆಂಟರು

ನಾನು ಕೂತಲ್ಲಿ ಕೂರುವವನಲ್ಲ. ಊರಿನ ಎಲ್ಲರ ನಡಿಗೆಯನ್ನೂ ಅಣಕಿಸಿ ಮುಗಿದದ್ದರಿಂದ ಆ ವರ್ಷ ಇಲಿಯ ಅಣಕಕ್ಕೆ ಕೈ ಹಾಕಿದೆ. ನಾನು ಕೀಚ್ ಎಂದರೆ ಬೆಕ್ಕು ತಿರುಗಿ ನೋಡುತ್ತಿತ್ತು. ಅವ್ವ ಮಾತ್ರ, "ಮೂತಿ ಮೊದ್ಲೇ ಹಂಗೈತೆ, ಕೂಗೋದು ಬ್ಯಾರೆ ಯಾಕೆ?" ಎನ್ನುತ್ತಿದ್ದಳು.

ಅದು ಪ್ಲೇಗಿನ ಕಾಲ. ದೂರದ ಪೇಟೆಗಳಲ್ಲಿ ಇಲಿ ಸತ್ತರೆ ಜನ ಮನೆ ಬಿಟ್ಟು ಓಡುತ್ತಿದ್ದರಂತೆ. ತಳಕು ಊರಿನ ಕೆರೆಯ ಕೆಳಗೆ ನಮ್ಮದೊಂದು ಅಂಗೈಯಗಲದ ಗದ್ದೆ; ಅಲ್ಲಿ ಇಲಿ ಸಾಯದಿರುವುದೇ ನಮ್ಮ ಭಯ. ನವಣೆ, ಸಜ್ಜೆ ಉಣ್ಣುವ ಸೀಮೆಯಲ್ಲಿ ಅನ್ನವೆಂದರೆ ಹಬ್ಬಕ್ಕೆ, ಇಲ್ಲವೇ ಬಾಣಂತಿಗೆ. ಮೊಳಕಾಲ್ಮೂರಿನಿಂದ ಅಕ್ಕ ಚೊಚ್ಚಲ ಹೆರಿಗೆಗೆ ಬಂದಿದ್ದಳು. ಅವಳ ಬಾಣಂತನದ ಅನ್ನವೆಲ್ಲ ಆ ಗದ್ದೆಯಲ್ಲೇ ನಿಂತಿತ್ತು. ದಿನಕ್ಕೆ ನಾಲ್ಕು ಸಲ ಹೋಗಿ ಬದುವಿನ ಬಿಲ ಎಣಿಸುತ್ತಿದ್ದೆ. ಪ್ರತಿ ಸಲವೂ ಒಂದು ಹೆಚ್ಚು.

ಬಿಲ ಅಗೆಯುವುದರಲ್ಲಿ ಪಳಗಿದ ತಿಪ್ಪಜ್ಜ ತೆನೆ ಇನ್ನೂ ಗರಿಯ ಹೊಟ್ಟೆಯಲ್ಲಿದ್ದಾಗಲೇ ಎಚ್ಚರಿಸಿದ: "ಲೇ, ಭತ್ತ ಬಸುರಾದಾಗ್ಲೇ ಇಲೀನೂ ಬಸುರಾಗ್ತೈತೆ. ತೆನೆ ಬಲಿಯೋ ಹೊತ್ತಿಗೆ ಮರಿಗುಳು ಹಲ್ಲು ಮಸೀತಾವೆ. ಅಗೆದ್ರೆ ಈಗ್ಲೇ ಅಗೀಬೇಕು."

ಅವ್ವ ಒಪ್ಪಲಿಲ್ಲ. "ಮನೆಯಾಗೆ ಬಸುರಿ ಐದಾಳೆ. ಬಸುರಿ ಜೀವ ಕೊಂದು ಯಾವ ಪುಣ್ಯ ಕಟ್ಕೊಳ್ಳಾನ?"

ಬದಲಿಗೆ ಸೀಗೆ ಹುಣ್ಣಿಮೆಯಂದು ಬಸುರಿ ಗದ್ದೆಗೆ ಬಯಕೆಯೂಟವೆಂದು ಚರಗ ಚೆಲ್ಲಿಸಿದಳು. ಹೋಳಿಗೆ, ಕಡುಬು, ಪಲ್ಯ ಎಲ್ಲವನ್ನೂ ನಾನೇ ಬುಟ್ಟಿ ಹೊತ್ತು ಗದ್ದೆಯ ತುಂಬ ಎರಚಿದೆ. ಮರುದಿನ ಒಂದು ಅಗುಳೂ ಉಳಿದಿರಲಿಲ್ಲ. ಸೀಮಂತ ಭತ್ತಕ್ಕೆ, ಊಟ ಇಲಿಗೆ! ಅಷ್ಟು ಉಪಚಾರ ಅಕ್ಕನಿಗೂ ಗಂಡನ ಮನೆಯಲ್ಲಿ ಸಿಕ್ಕಿರಲಿಲ್ಲ.

ಕೊಯ್ಲಿಗೆ ಹೋದರೆ ಹುಲ್ಲಿತ್ತು, ತೆನೆಯಿರಲಿಲ್ಲ. ಮನೆಗೆ ಬಂದದ್ದು ಒಂದು ಮೊರ ಭತ್ತ. ಅವ್ವ ಮೊರ ನೋಡಿದಳು, ಅಕ್ಕನ ಹೊಟ್ಟೆ ನೋಡಿದಳು. ಆ ದಿನ ಯಾರನ್ನು ಅಣಕಿಸಲೂ ನನಗೆ ಬಾಯಿ ಬರಲಿಲ್ಲ.

ತಿಪ್ಪಜ್ಜನೇ ಗುದ್ದಲಿ ಹಿಡಿದು ಬಂದ. "ಕೊಲ್ಲಾಕಲ್ಲ ಕಣವ್ವ, ಕೇಳಿ ಇಸ್ಕೊಂಡು ಬರ್ತೀನಿ." ಬದು ಅಗೆದರೆ ಒಂದು ಕೋಣೆಯಲ್ಲಿ ಹುಲ್ಲಿನ ಹಾಸಿಗೆ, ಎರಡನೇ ಸೂಲಿನ ಕೆಂಪು ಮರಿಗಳು, ಅವುಗಳ ಮುಂದೆ ಮೈ ಸೆಟೆಸಿ ನಿಂತ ತಾಯಿ; ಪಕ್ಕದ ಕೋಣೆಯಲ್ಲಿ ಕತ್ತರಿಸಿ ಜೋಡಿಸಿದ ತೆನೆ. ನಮ್ಮ ಮನೆಯಲ್ಲಿ ಯಾರೂ ಅಷ್ಟು ಅಚ್ಚುಕಟ್ಟಾಗಿ ಕಾಳು ಇಟ್ಟವರಲ್ಲ. ತಾಯಿ ಮರಿಗಳನ್ನು ಮುಟ್ಟದೆ ತೆನೆಯನ್ನಷ್ಟೇ ಬಾಚಿಕೊಂಡೆವು; ಸಂಜೆಗೆ ಚೀಲ ತುಂಬಿತು.

ಅಕ್ಕ ಹೆತ್ತಳು. ಹೊಸ ಅಕ್ಕಿ ಬಾಣಂತಿಗೆ ಆಗದೆಂದು ಅವ್ವ ಹುರಿದು ಅನ್ನ ಮಾಡಿದಳು. ಅಕ್ಕ ಉಣ್ಣುವಾಗ ನಾನು ಬಿಲದ ಆಟ ಕಟ್ಟಿ, ಮರಿಗಳ ಮುಂದೆ ಮೈ ಸೆಟೆಸಿದ ತಾಯಿ ಇಲಿಯಂತೆ ಕೀಚ್ ಎಂದೆ. ಅಕ್ಕ ನಗಲಿಲ್ಲ. "ಲೇ, ಅದೂ ಬಾಣಂತಿನೇ ಅಲ್ವೇನೋ? ಅದಕ್ಕೇನಾದ್ರೂ ಬಿಟ್ಟು ಬಂದ್ರಾ?"

ಬಿಟ್ಟಿರಲಿಲ್ಲ. ಪಂಚೆಯ ಚುಂಗಿನಲ್ಲಿ ಹಿಡಿ ಭತ್ತ ಕಟ್ಟಿಕೊಂಡು ಓಡಿದೆ. ಹಳೆಯ ಬಿಲದ ಪಕ್ಕದಲ್ಲೇ ಆಗಲೇ ಹೊಸ ಬಿಲ! ಅದರ ಬಾಯಿಗೆ ಸುರಿದು ಬಂದೆ.

ಮರುವರ್ಷ ಭತ್ತ ಬಸುರಾಗುವ ಮೊದಲೇ ಅಗೆಯಬೇಕೆಂದು ಗುದ್ದಲಿ ಮಸೆದಿಟ್ಟೆ. ಅಷ್ಟರಲ್ಲಿ ಮೊಳಕಾಲ್ಮೂರಿನಿಂದ ಸುದ್ದಿ ಬಂತು: ಅಕ್ಕ ಮತ್ತೆ ಬಸುರಿ. ಗುದ್ದಲಿ ಅಟ್ಟಕ್ಕೇರಿತು. ಚರಗದ ಬುಟ್ಟಿ ನನ್ನ ತಲೆಗೇರಿತು.