ತಕ್ಕಡಿಯಲ್ಲಿ ಕೂತ ಅಭ್ಯರ್ಥಿ

ದ್ರಾಕ್ಷಿ ತಿನ್ನುವ ಮೊದಲು ನಾನು ಒಮ್ಮೆ ತಲೆಯೆತ್ತಿ ಮೇಲೆ ನೋಡುತ್ತೇನೆ. ಮೇಲೆ ಸೂರಿರುತ್ತದೆ, ಫ್ಯಾನಿರುತ್ತದೆ, ಒಂದೆರಡು ಜೇಡರ ಬಲೆ ಇರುತ್ತವೆ. ಬೀಳುವಂಥದ್ದು ಏನೂ ಇರುವುದಿಲ್ಲ. ಆದರೂ ನೋಡಿಕೊಂಡೇ ಬಾಯಿಗೆ ಹಾಕಿಕೊಳ್ಳುತ್ತೇನೆ. ಕಂಡವರು ದೇವರಿಗೆ ಅರ್ಪಿಸಿ ತಿನ್ನುತ್ತಾನೆ ಅಂದುಕೊಂಡಿದ್ದಾರೆ. ತಿದ್ದಲು ಹೋಗಿಲ್ಲ. ಅಂಜುಬುರುಕ ಅನ್ನಿಸಿಕೊಳ್ಳುವುದಕ್ಕಿಂತ ಭಕ್ತ ಅನ್ನಿಸಿಕೊಳ್ಳುವುದು ವಾಸಿ.

ಈ ಚಾಳಿ ಶುರುವಾದದ್ದು ಯಲಹಂಕದಲ್ಲಿ, ಎಪ್ಪತ್ತರ ದಶಕ ಮುಗಿಯುತ್ತ ಬಂದಿದ್ದಾಗ, ಒಂದು ಪಕ್ಷದ ಚುನಾವಣಾ ನಿಧಿ ಸಭೆಯಲ್ಲಿ. ಯಾವ ಪಕ್ಷ ಎಂದು ಕೇಳಬೇಡಿ. ಆಮೇಲೆ ಅದು ಎರಡಾಯಿತು, ಎರಡು ನಾಲ್ಕಾಯಿತು. ಯಾವ ತುಂಡಿನ ಹೆಸರು ಹೇಳಲಿ? ನಾನು ಧಾರವಾಡದ ಕಡೆಯವನು, ಇಲ್ಲಿಯ ಕಾರ್ಖಾನೆಯೊಂದರ ಆಫೀಸಿನಲ್ಲಿ ಕೆಲಸ. ನಮ್ಮ ಮನೆ ಮಾಲೀಕರಾದ ಪಿಳ್ಳಪ್ಪನವರು ಹಳೇ ಊರಿನ ಮನೆತನದವರು. ಊರ ಚುನಾವಣೆಗೆ ಆ ಪಕ್ಷದ ಟಿಕೆಟ್ ಬಯಸಿದ್ದ ಮೂವರಲ್ಲಿ ಅವರೂ ಒಬ್ಬರು. ಸಭೆ ನಡೆದದ್ದು ಅವರದೇ ಮಾವಿನ ತೋಪಿನಲ್ಲಿ. ಚಂದಾ ಕೊಟ್ಟವರಿಗೆ ಊಟ. ಊಟಕ್ಕೆ ಮೊದಲು ಮೂವರ ಭಾಷಣ. ಭಾಷಣ ಕೇಳಿದವರು ಕೈಯೆತ್ತಿ ಯಾರಿಗೆ ಟಿಕೆಟ್ ಎಂದು ಸೂಚಿಸಬೇಕು. ಬಾಡಿಗೆದಾರನಾದ ನಾನು ಚಂದಾ ಕೊಡದೆ ಉಳಿಯುವ ದಾರಿ ಇರಲಿಲ್ಲ.

"ಸ್ವಾಮಿ, ನೀವು ಓದ್ದೋರು. ಮೈಕ್ ಇಡ್ಕಳಿ," ಎಂದರು ಪಿಳ್ಳಪ್ಪನವರು. ಮೈಕಿನ ಸ್ಟ್ಯಾಂಡ್ ಮುರಿದಿತ್ತು. ಹೀಗೆ ನನ್ನ ಬಿ.ಎಸ್ಸಿ. ಪದವಿ ಒಂದು ಸ್ಟ್ಯಾಂಡಿನ ಕೆಲಸಕ್ಕೆ ಒದಗಿತು.

ಮೊದಲು ಒಬ್ಬ ವಕೀಲರು ಮಾತಾಡಿದರು. ನಡುನಡುವೆ ಇಂಗ್ಲಿಷು, ಕೊನೆಯಲ್ಲಿ ಸಂಸ್ಕೃತ. ನಾನು ಆಗಲೇ ಮನಸ್ಸಿನಲ್ಲಿ ಅವರಿಗೆ ಕೈಯೆತ್ತಿಬಿಟ್ಟಿದ್ದೆ. ಆಮೇಲೆ ಒಬ್ಬ ಕಂಟ್ರಾಕ್ಟರು. ಅವರು ಸೇತುವೆ ಕಟ್ಟುವ ಭರವಸೆ ಕೊಟ್ಟರು. ಹೊಳೆ ಎಲ್ಲಿದೆ ಎಂದು ಯಾರೂ ಕೇಳಲಿಲ್ಲ. ಕಷ್ಟಕಾಲದಲ್ಲಿ ಜನರ ಕೈ ಬಿಡುವುದಿಲ್ಲ ಎಂದು ಇಬ್ಬರೂ ಎದೆ ಮುಟ್ಟಿ ಹೇಳಿದರು. ಪಿಳ್ಳಪ್ಪನವರ ಸರದಿ ಬಂತು. ಅವರೂ ಅದನ್ನೇ ಹೇಳಿದರು, ಆದರೆ ಚೀಟಿ ನೋಡಿಕೊಂಡು, ತಡವರಿಸುತ್ತ.

ಆಗ ಚಿಕ್ಕಜಾಲದ ಅವರ ಭಾವಮೈದುನ ಮೈಕಿಗೆ ಬಾಯಿಟ್ಟು, "ಈಗ ನಮ್ಮ ಭಾವನಿಗೆ ದ್ರಾಕ್ಷಿ ತುಲಾಭಾರ! ತೂಗಿದ ದ್ರಾಕ್ಷಿ ಹರಾಜು, ಬಂದ ದುಡ್ಡು ಪಕ್ಷಕ್ಕೆ!" ಎಂದು ಕೂಗಿದ.

ಮನುಷ್ಯನನ್ನು ತೂಗಿ ನೋಡುವುದು ನಮ್ಮವರಿಗೆ ಬಹಳ ಹಳೆಯ ಖುಷಿ. ರಾಜರು ಬಂಗಾರಕ್ಕೆ ತೂಗಿಸಿಕೊಂಡರು. ಹರಕೆ ಹೊತ್ತವರು ಬೆಲ್ಲಕ್ಕೆ, ಕೊಬ್ಬರಿಗೆ ತೂಗಿಸಿಕೊಳ್ಳುತ್ತಾರೆ. ಪ್ರಜಾಪ್ರಭುತ್ವ ಬಂದ ಮೇಲೆ, ಆಯಾ ಸೀಮೆಯಲ್ಲಿ ಏನು ಬೆಳೆಯುತ್ತದೋ ಅದಕ್ಕೆ. ಯಲಹಂಕದ ಸೀಮೆಯಲ್ಲಿ ಕಪ್ಪು ದ್ರಾಕ್ಷಿ. ಸೌದೆ ಡಿಪೋದ ದೊಡ್ಡ ತಕ್ಕಡಿ ತಂದು ಮಾವಿನ ಕೊಂಬೆಗೆ ಬಾವಿ ಹಗ್ಗದಲ್ಲಿ ಕಟ್ಟಿದ್ದರು.

ತೊಂದರೆ ಏನೆಂದರೆ, ಪಿಳ್ಳಪ್ಪನವರು ಕಡ್ಡಿ. ಭಾವಮೈದುನ ಅಭಿಮಾನದಿಂದ ಸುರಿದದ್ದು ಪೈಲ್ವಾನನಿಗಾಗುವಷ್ಟು ಹಣ್ಣು. ಭಾವ ಮೇಲೆ ಹೋಗಿ ನೇತಾಡಿದರು. ದ್ರಾಕ್ಷಿ ನೆಲದಿಂದ ಏಳಲಿಲ್ಲ.

"ಒಂದು ಬುಟ್ಟಿ ತೆಗೀರೋ," ಎಂದರು ಯಾರೋ.

"ತುಲಾಭಾರಕ್ಕೆ ಇಟ್ಟಿದ್ದನ್ನ ವಾಪಸ್ ಎತ್ತಾರಾ? ಆಗಾಕಿಲ್ಲ!" ಎಂದ ಭಾವಮೈದುನ.

ಎತ್ತಬಾರದೆಂದರೆ ಪಿಳ್ಳಪ್ಪನವರ ತಟ್ಟೆಗೆ ಭಾರ ಸೇರಿಸಬೇಕು. ಹಾರಗಳನ್ನು ಹಾಕಿದರು, ತೆಂಗಿನಕಾಯಿ ಮಡಿಲಿಗೆ ತುಂಬಿದರು. ಸಾಲದು. ಅಷ್ಟರಲ್ಲಿ ನನ್ನ ಮೂರು ವರ್ಷದ ಮಗಳು ಗೌರಿ, "ಅಜ್ಜಾ, ಜೋಕಾಲಿ!" ಎಂದು ಓಡಿದಳು. ದಿನಾ ಪಿಳ್ಳಪ್ಪನವರ ಹೆಗಲ ಮೇಲೆ ಆಡುವವಳು. ಜನ ನಕ್ಕು ಎತ್ತಿ ಅವರ ತೊಡೆಯ ಮೇಲೆ ಕೂರಿಸಿಬಿಟ್ಟರು. ದ್ರಾಕ್ಷಿ ನೆಲ ಬಿಟ್ಟು ಮೇಲೆದ್ದಿತು. ಎರಡೂ ತಟ್ಟೆ ಸೊಂಟದೆತ್ತರದಲ್ಲಿ ಸಮ ನಿಂತವು. ಚಪ್ಪಾಳೆಯೋ ಚಪ್ಪಾಳೆ.

ನನ್ನ ಹೆಂಡತಿ ಸುಶೀಲಾ ಹೆಂಗಸರ ಸಾಲಿನಿಂದ ಎದ್ದು, "ಏನ್ರೀ, ಹುಡುಗೀನ ಇಳಸ್ರೀ!" ಎಂದಳು.

"ಫೋಟೋ ಆಗ್ಲಿ ತಡಿ," ಎಂದೆ. ಹಗ್ಗದ ಮೇಲೆ ಬೀಳುವುದು ಒಂದು ತಟ್ಟೆಯ ಭಾರವಲ್ಲ, ಎರಡರದ್ದೂ ಎಂಬುದನ್ನು ನಾನು ಕಾಲೇಜಿನಲ್ಲಿ ಓದಿ ಪಾಸಾಗಿದ್ದೆ. ಅದು ನೆನಪಾದದ್ದು ಫಟ್ ಎಂಬ ಸದ್ದು ಕೇಳಿದಾಗ.

ಆ ಗಳಿಗೆ ಈಗಲೂ ನನ್ನ ಕಣ್ಣಲ್ಲಿ ನಿಧಾನವಾಗಿ ನಡೆಯುತ್ತದೆ. ಹಗ್ಗದ ತುದಿ ಹಾವಿನಂತೆ ಮೇಲೆ ಹಾರುತ್ತದೆ. ತಟ್ಟೆಗಳ ಹಿಂದೆಯೇ ತಕ್ಕಡಿಯ ಕಬ್ಬಿಣದ ಅಡ್ಡದಂಡ, ಗೌರಿಯ ನೆತ್ತಿಗೆ ನೇರವಾಗಿ, ಇಳಿಯುತ್ತದೆ. ಬೀಳುವ ಮನುಷ್ಯ ಕೈಗೆ ಸಿಕ್ಕಿದ್ದನ್ನು ಹಿಡಿಯುತ್ತಾನೆ. ಪಿಳ್ಳಪ್ಪನವರು ಹಿಡಿದಿದ್ದ ಸರಪಳಿಯನ್ನು ಬಿಟ್ಟರು. ಎರಡು ಕೈಯಲ್ಲೂ ಮಗುವನ್ನು ತಬ್ಬಿ ಅದರ ಮೇಲೆ ಬಾಗಿದರು. ದಂಡ ಅವರ ಹೆಗಲನ್ನು ತರಚಿ ದ್ರಾಕ್ಷಿಯ ಮೇಲೆ ಬಿತ್ತು. ನನ್ನ "ಅಯ್ಯಯ್ಯೋ" ಮೈಕಿನಲ್ಲಿ ಹಾದು ರೈಲ್ವೆ ಸ್ಟೇಷನ್ನಿನವರೆಗೂ ಕೇಳಿಸಿತಂತೆ.

ಗೌರಿಗೆ ಒಂದು ಗೀರೂ ಇಲ್ಲ. ಮುಖದ ತುಂಬ ದ್ರಾಕ್ಷಿ ರಸ. "ಅಜ್ಜಾ, ಮತ್ತೊಮ್ಮೆ!" ಎಂದಳು. ಸುಶೀಲಾ ಅವಳನ್ನು ಕಸಿದುಕೊಂಡು ನನ್ನ ಕಡೆ ನೋಡಿದ ನೋಟವನ್ನು ಇಲ್ಲಿ ವರ್ಣಿಸುವುದಿಲ್ಲ. ಪಿಳ್ಳಪ್ಪನವರ ಚೀಟಿ ರಸದಲ್ಲಿ ಅದ್ದಿಹೋಗಿತ್ತು. ಉಳಿದ ಭಾಷಣವನ್ನು ಅವರು ಚೀಟಿಯಿಲ್ಲದೆಯೇ ಮುಗಿಸಿದರು: "ಮಗು ಚೆನ್ನಾಗದೆ. ಎಲ್ಲಾ ಊಟ ಮಾಡ್ಕೊಂಡ್ ಓಗಿ." ಒಡೆದ ಹಣ್ಣು ಇಡೀ ಹಣ್ಣಿಗಿಂತ ಹೆಚ್ಚಿಗೆ ಹರಾಜಾಯಿತು. ಜನ ಅದನ್ನು ಪ್ರಸಾದವೆಂದು ಕಣ್ಣಿಗೊತ್ತಿಕೊಂಡರು.

ಆಮೇಲೆ ಟಿಕೆಟ್ಟಿಗೆ ಕೈಯೆತ್ತುವ ಹೊತ್ತು ಬಂತು. ಪಿಳ್ಳಪ್ಪನವರಿಗೇ ಎತ್ತಿದೆ. ಅವರಿಗೆ ಟಿಕೆಟ್ಟೂ ಸಿಕ್ಕಿತು, ಗೆದ್ದೂ ಬಂದರು. ನಮ್ಮ ಬೀದಿಯ ದೀಪ ಮಾತ್ರ ಆಗಲೂ ದಿನ ಬಿಟ್ಟು ದಿನ ಉರಿಯುತ್ತಿತ್ತು, ಈಗಲೂ ಹಾಗೆಯೇ. ನನಗೆ ಬೇಸರವಿಲ್ಲ.

ಆದರೆ ಅಂದು ಊಟದ ಸಾಲಿನಲ್ಲಿ ನನ್ನ ಗೆಳೆಯ ಗುರುರಾಜ ಬಿಡಲಿಲ್ಲ. ನಮ್ಮ ಧಾರವಾಡದವನೇ, ಕಾಲೇಜಿನಲ್ಲಿ ರಾಜ್ಯಶಾಸ್ತ್ರ ಕಲಿಸುತ್ತಾನೆ. ಪುಟ್ಟ ಮಗನನ್ನೂ ಕರೆದುಕೊಂಡು ಬಂದಿದ್ದ. "ಏನಪಾ, ಓದಿದಾಂವ ನೀ. ವಕೀಲರ ಭಾಷಣಕ್ಕ ತಲಿ ತೂಗಿದಿ, ಕೈ ಎತ್ತಿದ್ದು ಇವರಿಗೇನು? ಒಮ್ಮೆ ಬಿದ್ದದ್ದು ನೋಡಿ ಮನಶ್ಯಾನ್ನ ಅಳೀತಾರೇನು?"

"ಮೂರೂ ಮಂದಿ ಕಷ್ಟಕಾಲಕ್ಕ ಕೈ ಬಿಡಂಗಿಲ್ಲ ಅಂದ್ರಲ್ಲೋ," ಎಂದೆ. "ಒಬ್ಬರದು ಕಣ್ಣಾರೆ ನೋಡ್ದೆ. ಉಳದಿಬ್ಬರದೂ ನೋಡೋಣಂದ್ರ ಹೂಂ ಅನ್ನು. ತಕ್ಕಡಿ ಇಲ್ಲೇ ಬಿದ್ದದ, ಬ್ಯಾರೆ ಹಗ್ಗ ಕಟ್ಟಸೋಣು. ಅವರ ತೊಡಿ ಮ್ಯಾಲ ನಿನ್ನ ಮಗನ್ನ ಕೂಡಸು."

ಗುರುರಾಜ ಪಕ್ಕದಲ್ಲಿ ಕೂತಿದ್ದ ಮಗನನ್ನು ಸ್ವಲ್ಪ ಹತ್ತಿರಕ್ಕೆ ಎಳೆದುಕೊಂಡು ಊಟ ಮುಂದುವರಿಸಿದ.