ಬೆರಳಿಟ್ಟು ತೋರಿಸು

ನಾನು ಪಾಠ ಮಾಡುತ್ತಿದ್ದ ಬೆಳ್ತಂಗಡಿಯ ಶಾಲೆಯಲ್ಲಿ ಪಕ್ಕದ ತರಗತಿಗೆ ಕನ್ನಡ ಕಲಿಸುತ್ತಿದ್ದ ಟೀಚರ್ ಯಾವ ಉತ್ತರವನ್ನೂ ಸುಮ್ಮನೆ ಒಪ್ಪುತ್ತಿರಲಿಲ್ಲ. ಪಾಠದಲ್ಲಿ ಉಪಮೆ ಇದೆ ಎಂದರೂ ಸರಿ, ಪದ್ಯದಲ್ಲಿ ಪ್ರಾಸ ಇದೆ ಎಂದರೂ ಸರಿ, ಸೀಮೆಸುಣ್ಣ ಮೆತ್ತಿದ ತೋರುಬೆರಳು ಎತ್ತಿ, "ಎಲ್ಲಿ ಉಂಟು? ಬೆರಳಿಟ್ಟು ತೋರಿಸು" ಎನ್ನುತ್ತಿದ್ದರು. ನಮ್ಮ ನಡುವೆ ಇದ್ದದ್ದು ಅರ್ಧ ಗೋಡೆ. ಆ ಮಾತು ಕೇಳಿದರೆ ನನ್ನ ತರಗತಿಯ ಮಕ್ಕಳೂ ಗಾಬರಿಯಿಂದ ಪುಸ್ತಕ ತೆರೆಯುತ್ತಿದ್ದರು.

ಒಮ್ಮೆ ಪರೀಕ್ಷೆಗೆ ಮುಂಚೆ ಒಂದು ಕತೆ ಓದಿಸುತ್ತಿದ್ದರು. ಅದರಲ್ಲಿ ತಾಯಿ ಕೊನೆಯ ದೋಸೆಯನ್ನು ಮಗನಿಗೆ ಕೊಟ್ಟು, ತನಗೆ ಹಸಿವಿಲ್ಲ ಎನ್ನುತ್ತಾಳೆ. ತಾಯಿಗೆ ನಿಜವಾಗಿ ಹಸಿವಿತ್ತೇ ಎಂದು ಕೇಳಿದಾಗ ಇಡೀ ತರಗತಿ "ಇಲ್ಲ" ಎಂದಿತು. ಹುಡುಗಿಯೊಬ್ಬಳು ಮಾತ್ರ "ಇತ್ತು ಟೀಚರ್" ಎಂದಳು.

"ಎಲ್ಲಿ ಉಂಟು? ಬೆರಳಿಟ್ಟು ತೋರಿಸು."

ಹುಡುಗಿ ಸಾಲುಗಳ ಮೇಲೆ ಬೆರಳು ಎಳೆಯುತ್ತಾ ಹೋಗಿ ಒಂದು ಕಡೆ ನಿಲ್ಲಿಸಿದಳು. ಅಲ್ಲಿ ತಾಯಿ ಚೆಂಬು ತುಂಬ ನೀರು ಕುಡಿದು ಮಲಗಿದ್ದಳು. ಟೀಚರ್ ಆ ಸಾಲನ್ನು ಇನ್ನೊಮ್ಮೆ ಓದಿ, "ಹೌದು ಮಾರಾಯ್ತಿ, ನನಗೂ ಕಂಡಿರಲಿಲ್ಲ" ಎಂದರು.

ಅಂದು ಮಧ್ಯಾಹ್ನ ಬಿಸಿಯೂಟಕ್ಕೆ ಸಾಂಬಾರು ಕಡಿಮೆ ಬಿತ್ತು. ಟೀಚರ್ "ನನಗೆ ಹಸಿವಿಲ್ಲ, ನೀವು ಊಟ ಮಾಡಿ ಮಕ್ಕಳೇ" ಎಂದು ನೀರಿನ ಬಾಟಲಿ ಎತ್ತಿದರು. ಸಾಲಾಗಿ ಕೂತಿದ್ದ ಮಕ್ಕಳೆಲ್ಲ ಅನ್ನ ಮೆತ್ತಿದ ಬೆರಳುಗಳನ್ನು ಆ ಬಾಟಲಿಯ ಕಡೆಗೆ ಚಾಚಿದರು.

"ಇಲ್ಲಿ ಉಂಟು, ಟೀಚರ್!"